ಮೈತ್ರಿಗೆ ಜನರ ಒಪ್ಪಿಗೆ: ಜಪಾನಿನ ಪಾಠ

ನಾಯಕರು ವಿದೇಶದೊಡನೆ ಬೆಳೆಸುವ ಮೈತ್ರಿಯನ್ನು ಜನ ಯಾವ ಮಾನದಂಡದಿಂದ ಅಳೆಯುತ್ತಾರೆ? ಜಪಾನಿನ 1960ರ ಅನುಭವ ಇದಕ್ಕೆ ಉತ್ತಮ ನಿದರ್ಶನ.

1951ರ ಭದ್ರತಾ ಒಪ್ಪಂದದಂತೆ ಜಪಾನಿನಲ್ಲಿ ಅಮೆರಿಕದ ಸೇನಾ ನೆಲೆಗಳಿದ್ದವು. ಜಪಾನ್ ಸರ್ಕಾರ ಕೋರಿದರೆ ಒಳನಾಡಿನ ದಂಗೆ ಅಡಗಿಸಲೂ ಆ ಸೇನೆಯನ್ನು ಬಳಸಬಹುದಿತ್ತು. ಆದರೆ ಜಪಾನನ್ನು ರಕ್ಷಿಸುವ ಸ್ಪಷ್ಟ ಹೊಣೆ ಅಮೆರಿಕಕ್ಕಿರಲಿಲ್ಲ. ಪ್ರಧಾನಿ ನೊಬುಸುಕೆ ಕಿಶಿ 1960ರ ಜನವರಿ 19ರಂದು ಸಹಿ ಹಾಕಿದ ಹೊಸ ಒಪ್ಪಂದ ಈ ಎರಡೂ ಕೊರತೆಗಳನ್ನು ನೀಗಿಸಿತು. 10 ವರ್ಷಗಳ ನಂತರ, ಒಂದು ವರ್ಷದ ಸೂಚನೆ ನೀಡಿ ಹೊರಬರುವ ಅವಕಾಶವನ್ನೂ ಕೊಟ್ಟಿತು.

ಆದರೂ ಜನ ಬೀದಿಗಿಳಿದರು. ನೆಲೆಗಳು ಹಾಗೆಯೇ ಉಳಿದಿದ್ದವು; ಪರರ ಯುದ್ಧದಲ್ಲಿ ತಾವು ಸಿಲುಕುವ ಭಯವಿತ್ತು. ಮೇ 19ರ ರಾತ್ರಿ, ಧರಣಿ ಕುಳಿತ ವಿರೋಧ ಪಕ್ಷದ ಸದಸ್ಯರನ್ನು ಪೊಲೀಸರು ಹೊತ್ತೊಯ್ದರು. ನಡುರಾತ್ರಿ ಕಳೆದೊಡನೆ ಕೆಳಮನೆ ಒಪ್ಪಂದವನ್ನು ಅನುಮೋದಿಸಿತು. ಅಲ್ಲಿಂದ ಚಳವಳಿ ಪ್ರಜಾಪ್ರಭುತ್ವದ ರಕ್ಷಣೆಗೆ ತಿರುಗಿತು. ಜೂನ್ 15ರಂದು ಸಂಸತ್ತಿನ ಬಳಿ ನಡೆದ ಘರ್ಷಣೆಯಲ್ಲಿ ವಿದ್ಯಾರ್ಥಿನಿ ಮಿಚಿಕೊ ಕಾಂಬಾ ಮೃತಪಟ್ಟರು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಭೇಟಿ ರದ್ದಾಯಿತು. ಜೂನ್ 23ರಂದು ಒಪ್ಪಂದ ಜಾರಿಗೆ ಬಂತು. ಅಂದೇ ಕಿಶಿ ರಾಜೀನಾಮೆ ಘೋಷಿಸಿದರು.

ಆದರೆ ನವೆಂಬರ್ ಚುನಾವಣೆಯಲ್ಲಿ ಗೆದ್ದದ್ದು ಅವರ ಪಕ್ಷವೇ. ಒಪ್ಪಂದ ಇಂದಿಗೂ ಜಾರಿಯಲ್ಲಿದೆ. ಮೈತ್ರಿಯನ್ನು ಸಹಿಸಿಕೊಂಡ ಜನ, ಅದನ್ನು ತಮ್ಮ ಮೇಲೆ ಹೇರಿದ ರೀತಿಯನ್ನು ಸಹಿಸಲಿಲ್ಲ. ಆದ್ದರಿಂದ ಸಾರ್ವಭೌಮತ್ವದ ಚರ್ಚೆ ಬಂದಾಗಲೆಲ್ಲ ವೀಕ್ಷಕರು ಎರಡು ಪ್ರಶ್ನೆ ಕೇಳಬೇಕು: ಒಪ್ಪಂದದಲ್ಲಿ ಏನಿದೆ? ಅದಕ್ಕೆ ಒಪ್ಪಿಗೆ ಪಡೆದದ್ದು ಹೇಗೆ?