ದಣಪೆ ಪಕ್ಕದ ಬಕೆಟ್ ಯಾರದ್ದು?

ಪೇಟೆಯ ಮನೆಗೆ ಗೇಟು ದಾಟಿದರೆ ಬೀದಿ. ಮಲೆನಾಡಿನ ಹಳ್ಳಿಮನೆ ಹಾಗಲ್ಲ. ಮನೆ ತೋಟದಂಚಿನಲ್ಲಿ, ದಣಪೆ ಟಾರು ರಸ್ತೆಯಲ್ಲಿ, ನಡುವೆ ಕೂಗಳತೆಯ ದಾರಿ. ಪಂಚಾಯಿತಿಯ ಕಸದ ಗಾಡಿ ಬರುವುದು ದಣಪೆಯವರೆಗೆ, ಅದೂ ದಿನಾ ಅಲ್ಲ. ಹಾಗಾಗಿ ಬಕೆಟ್ಟೋ ಹಳೇ ಗೊಬ್ಬರದ ಚೀಲವೋ ಅಲ್ಲೇ ದಿನಗಟ್ಟಲೆ ಕೂತಿರುತ್ತದೆ. ಜೋಗಕ್ಕೋ ಆಗುಂಬೆಗೋ ಹೊರಟ ಕಾರು ಅರೆಗಳಿಗೆ ನಿಂತು ಹೋದ ಮೇಲೆ ನೋಡಿದರೆ ಅದರೊಳಗೆ ಬಿಯರ್ ಬಾಟಲಿ, ಊಟದ ಪೊಟ್ಟಣ, ಮಗುವಿನ ಡೈಪರ್. ಪೇಟೆಯಲ್ಲಿ ಇದೇ ಕೆಲಸವನ್ನು ಪಕ್ಕದ ಬೀದಿಯವರು ವಾಕಿಂಗ್ ನೆಪದಲ್ಲಿ ಮುಗಿಸುತ್ತಾರೆ.

"ರಸ್ತೆಗೆ ಎಸೆದಿಲ್ಲವಲ್ಲ, ಬಕೆಟ್ಟಿಗೇ ಹಾಕಿದ್ದೇನೆ" ಎನ್ನುವುದು ಹಾಕುವವರ ಸಮಾಧಾನ. ಎಷ್ಟೋ ಮನೆಯವರೂ ಇದನ್ನು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಆದರೆ ಕಸದ ಲೆಕ್ಕ ಬಕೆಟ್ಟಿಗೆ ಬಿದ್ದಲ್ಲಿಗೆ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ತರಕಾರಿ ಸಿಪ್ಪೆ, ಅನ್ನದ ತಳ ಇರುವ ಹಸಿ ಕಸಕ್ಕೆ ಒಂದು ಡೈಪರ್ ಬಿದ್ದರೆ ಆ ಬಕೆಟ್ಟಿನದು ಗೊಬ್ಬರಕ್ಕೂ ಬಾರದು, ಗುಜರಿಗೂ ಬಾರದು. ಮೇಲಾಗಿ ಅದನ್ನು ಬೇರ್ಪಡಿಸುವುದು ಯಂತ್ರವಲ್ಲ, ಪೌರಕಾರ್ಮಿಕರ ಕೈ. ಒಡೆದ ಬಾಟಲಿ ಸಿಕ್ಕರೆ ಕೊಯ್ಯುವುದು ಅವರ ಬೆರಳನ್ನು. ಬೈಗುಳ ಬೀಳುವುದು ಮಾತ್ರ ಬಕೆಟ್ಟಿನ ಯಜಮಾನನಿಗೆ: "ಮಿಕ್ಸ್ ಮಾಡಿದ್ದೀರಿ, ತಗೊಳಲ್ಲ."

ಕಸ ಯಾರು ಮಾಡಿದರೋ ಅವರೇ ಅದನ್ನು ಬೇರ್ಪಡಿಸಿ, ತಮ್ಮಲ್ಲಿಟ್ಟುಕೊಂಡು, ಸಂಗ್ರಹಿಸುವವರ ಕೈಗೆ ಕೊಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ಹೊರಿಸಿದ್ದು ಹೀಗೆ. ಇದರ ಬೇರು ಕರ್ನಾಟಕದಲ್ಲೇ ಇದೆ: ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದಲೇ ದೇಶಕ್ಕೆ 2000ದಲ್ಲಿ ಮೊದಲ ಕಸದ ನಿಯಮ ಬಂತು. 2016ರ ನಿಯಮದಲ್ಲಿ ಬೀದಿ ವ್ಯಾಪಾರಿಯೂ ತನ್ನ ಡಬ್ಬಿ ತಾನೇ ಇಟ್ಟುಕೊಳ್ಳಬೇಕಿತ್ತು, ಪರವಾನಗಿಯಿಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಸಮಾರಂಭದವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗಳ ಹೊತ್ತಿಗೆ ಸುತ್ತಲ ಮನೆಯವರು ನೆನಪಿಡಬೇಕಾದ ಮಾತಿದು. ಜಾತ್ರೆ ಎಲ್ಲರದು, ನಿಮ್ಮ ಬಕೆಟ್ ನಿಮ್ಮದೇ.

ಇನ್ನೊಂದು ನಂಬಿಕೆ ಮಳೆಯದ್ದು. "ನಮ್ಮಲ್ಲಿ ಬಿಡಿ, ಒಂದು ಮಳೆಗಾಲ ಕಳೆದರೆ ಎಲ್ಲ ಕೊಳೆತು ಹೋಗುತ್ತದೆ." ದರಕು ಕೊಳೆಯುತ್ತದೆ, ನಿಜ. ಹಾಲಿನ ಪ್ಯಾಕೆಟ್ ಕೊಳೆಯುವುದಿಲ್ಲ, ಊರು ಬಿಡುತ್ತದೆ, ಅಷ್ಟೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಮುಚ್ಚಳವಿಲ್ಲದ ಬಕೆಟ್ ತುಂಬಿ ಉಕ್ಕುವುದಕ್ಕೆ ಒಂದು ಜಡಿ ಸಾಕು. ತೀರ್ಥಹಳ್ಳಿ ಪೇಟೆಯ ಚರಂಡಿಯಿಂದ ತುಂಗೆ ದೂರವಿಲ್ಲ. ಶರಾವತಿಯಂತೂ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ದಾಟಿ, ಸಾಗರದ ಲಿಂಗನಮಕ್ಕಿ ಸೇರುತ್ತದೆ. ಮೂರು ತಾಲ್ಲೂಕಿನ ಹೊಳೆ ಅದು. ಮಳೆ ಬಿಟ್ಟ ಮೇಲೆ ಬಕೆಟ್ಟಿನಲ್ಲಿ ಉಳಿದ ಬಾಟಲಿ, ಲೋಟಗಳಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರುವುದಕ್ಕೆ ಎಂಟು-ಹತ್ತು ದಿನ ಸಾಕು. ಸೊಳ್ಳೆ ಕಚ್ಚುವುದು ಕಾರಿನವರನ್ನಲ್ಲ.

"ಸುಟ್ಟುಬಿಟ್ಟರೆ ಮುಗಿಯಿತು" ಅನ್ನುವವರಿಗೆ ಒಂದೇ ಮಾತು: ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಕಸ ಬೇರೆಯವರದ್ದಾದರೂ ಬೆಂಕಿಕಡ್ಡಿ ಗೀರಿದವರು ನೀವು.

"ಕಸದಲ್ಲಿ ಕೊರಿಯರ್ ಚೀಟಿ ಸಿಕ್ಕಿದೆ, ಅವರ ಮನೆ ಮುಂದೆಯೇ ಸುರಿದು ಬರೋಣ" ಎಂಬ ಉಮೇದು ಈಚೆಗೆ ಹೆಚ್ಚಿದೆ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಅಧಿಕಾರಿಗಳು 'ಕಸ ಸುರಿಯುವ ಹಬ್ಬ' ಎಂದು ಬೀದಿಗೆ ಕಸ ಎಸೆದವರ ಬಾಗಿಲಿಗೇ ಕಸ ಸುರಿದದ್ದು ಇದಕ್ಕೆ ಗಾಳಿ ಹಾಕಿತು. ನೋಡಲು ಖುಷಿ ಕೊಡುವ ಶಿಕ್ಷೆಯೇ. ಆದರೆ ಅದು ಅಧಿಕಾರವಿದ್ದವರ ಕೆಲಸ. ನೀವು ಸುರಿದರೆ ನೀವೂ ಬೀದಿಗೆ ಕಸ ಹಾಕಿದವರೇ. ಚೀಟಿ ಸುಳಿವು ಮಾತ್ರ, ಸಾಕ್ಷಿಯಲ್ಲ. ಪಾರ್ಸೆಲ್ ಡಬ್ಬಿ ಹತ್ತು ಕೈ ದಾಟಿರಬಹುದು. ಫೋಟೋ ತೆಗೆದು ಆರೋಗ್ಯ ನಿರೀಕ್ಷಕರಿಗೆ ಕೊಡುವುದು ಸರಿಯಾದ ದಾರಿ. ಹಾಗೆಯೇ ನಿಮ್ಮ ಡಬ್ಬಿ ಎಸೆಯುವ ಮುಂಚೆ ನಿಮ್ಮ ಚೀಟಿಯನ್ನೂ ಹರಿದುಹಾಕಿ.

ದೇವರ ಫೋಟೋ ಅಂಟಿಸಿದರೆ ಯಾರೂ ಹಾಕುವುದಿಲ್ಲ ಎಂಬುದು ಅರ್ಧ ಸತ್ಯ. ಕಸ ನಾಲ್ಕು ಮಾರು ಆಚೆಗೆ, ದೇವರಿಲ್ಲದ ಗೇಟಿಗೆ ಹೋಗುತ್ತದೆ. ಅದಕ್ಕಿಂತ ಕೆಲಸಕ್ಕೆ ಬರುವುದು ಬಕೆಟ್ಟನ್ನು ಗೇಟಿನ ಒಳಗಿಟ್ಟು, ಗಾಡಿಯ ಹಾಡು ಕೇಳಿದಾಗಷ್ಟೇ ಹೊರಗೆ ತರುವುದು. ಹಳ್ಳಿಯಲ್ಲಿ ಹಸಿ ಕಸ ಹೇಗೂ ಗೊಬ್ಬರಗುಂಡಿಗೆ ಹೋಗುತ್ತದೆ. ಉಳಿದ ಒಣ ಕಸ ನಾರುವುದಿಲ್ಲ, ಗಾಡಿ ಬರುವ ದಿನದವರೆಗೆ ಕೊಟ್ಟಿಗೆಯ ಮೂಲೆಯಲ್ಲಿ ಕೂರಬಹುದು. ದಣಪೆಯಲ್ಲಿ ಚೀಲವೇ ಇಲ್ಲದಿದ್ದರೆ ಕಾರು ನಿಲ್ಲುವ ಆಸೆಯೂ ಕಡಿಮೆ.

"ದೂರು ಕೊಟ್ಟರೆ ದುಡ್ಡಿಲ್ಲ ಅಂತಾರೆ, ಏನೂ ಆಗಲ್ಲ" ಎಂಬುದು ಕೊನೆಯ ನಂಬಿಕೆ. ದೂರು ಕೇಳಬೇಕಾದವರು ಸಾಗರದಲ್ಲಿ ನಗರಸಭೆ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಲ್ಲಾದರೆ ಪಿಡಿಓ. ದೂರನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಬಕೆಟ್ಟಿನ ಸುತ್ತ ರಾಶಿ ಬೆಳೆದು ಊರಿಗೇ ಉಪದ್ರವವಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ಹಳೆಯ ಸಂಹಿತೆಯಲ್ಲಿ ಇದು 133ನೇ ಕಲಮು. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ಗಬ್ಬು ಚರಂಡಿಯ ವಿರುದ್ಧ ಅದನ್ನೇ ಹಿಡಿದು ಹೋದರು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಪುರಸಭೆಯ 'ಹಣವಿಲ್ಲ' ಎಂಬ ವಾದವನ್ನು ಒಪ್ಪಲಿಲ್ಲ.