ಗುಡ್ಡದ ಮೇಲಿನ ಮಂಜಿಲ್, ಕೆಳಗಿನ ಗರಡಿಮನೆ

ಸುರಪುರದಲ್ಲಿ ನಾನು ಪಿ.ಟಿ. ಮಾಸ್ತರನಾಗಿದ್ದವನು. ಜನವರಿ 26ರ ಪರೇಡಿಗೆ ಹುಡುಗರನ್ನು ಸಾಲು ಹಚ್ಚುವುದು, ಎಲ್ಲರಿಂದ ಒಟ್ಟಿಗೆ ಎಡಗಾಲು ಎತ್ತಿಸುವುದು ನನ್ನ ಕೆಲಸ. ಸೀಟಿ ಊದುವವನಿಗೆ ಇತಿಹಾಸದ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಕಾರಣ ಇಷ್ಟೆ: ಈ ಕವಾಯತು ನಮ್ಮ ಊರಿಗೆ ಯಾವ ದಾರಿಯಿಂದ ಬಂತೋ ಅದೇ ದಾರಿಯಲ್ಲಿ ನಮ್ಮ ಸಂಸ್ಥಾನ ಹೊರಟುಹೋಯಿತು.

ಇಂಗ್ಲೆಂಡಿನ ಊರುಗಳಲ್ಲಿ 19ನೇ ಶತಮಾನದ ನಡುವಿನಿಂದ ಡ್ರಿಲ್ ಹಾಲ್ ಎಂಬ ಕಟ್ಟಡಗಳು ಎದ್ದವು. ಹಗಲು ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವ ಸ್ವಯಂಸೇವಕ ಸೈನಿಕರು ಸಂಜೆ ಸೇರಿ ಮಳೆ ಚಳಿಯ ಹಂಗಿಲ್ಲದೆ ಹೆಜ್ಜೆ ಹಾಕಲು, ಬಂದೂಕು ಹಿಡಿಯಲು ಕಟ್ಟಿಸಿದ ದೊಡ್ಡ ಪಡಸಾಲೆಗಳು ಅವು. ನಮ್ಮಲ್ಲಿ ಅಂಥದ್ದು ಇತ್ತೇ ಎಂದು ಹುಡುಗರು ಕೇಳಿದರೆ ನಾನು ಎರಡು ಕಡೆ ಕೈ ತೋರಿಸುತ್ತೇನೆ. ಒಂದು, ಓಣಿಯೊಳಗಿನ ಗರಡಿಮನೆ. ಇನ್ನೊಂದು, ಗುಡ್ಡದ ಮೇಲಿನ ಟೇಲರ್ ಮಂಜಿಲ್.

ಗರಡಿಮನೆಯ ಬಾಗಿಲು ಗಿಡ್ಡ. ತಲೆ ಬಾಗಿಸದೆ ಒಳಗೆ ಹೋಗುವ ಹಾಗಿಲ್ಲ. ಒಳಗೆ ತಗ್ಗಿನಲ್ಲಿ ಹದ ಮಾಡಿದ ಕೆಮ್ಮಣ್ಣು, ಗೋಡೆಯ ಗೂಡಿನಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆ ಮತ್ತು ಎತ್ತುವ ಗುಂಡು. ಇಲ್ಲಿ ಸಾಲು ಇಲ್ಲ, ಹುಕುಂ ಇಲ್ಲ. ಉಸ್ತಾದ ಒಬ್ಬೊಬ್ಬನ ಮೈಯನ್ನೂ ನೋಡಿ ಒಬ್ಬೊಬ್ಬನಿಗೆ ಒಂದೊಂದು ಪಟ್ಟು ಕಲಿಸುತ್ತಾನೆ. ಹತ್ತು ಜನ ಒಂದೇ ಆಗುವುದನ್ನು ಕವಾಯತು ಕಲಿಸಿದರೆ, ಒಬ್ಬನೇ ಹತ್ತು ಜನರಾಗುವುದನ್ನು ಗರಡಿ ಕಲಿಸುತ್ತದೆ.

ಸುರಪುರವನ್ನು ಆಳಿದ ಬೇಡರ ಯುದ್ಧವೂ ಹೀಗೇ ಇತ್ತು. ಬಂಡೆಯ ಮರೆ, ತುಪಾಕಿ, ತಪ್ಪದ ಗುರಿ. ಸುರಪುರಕ್ಕಿಂತ ಮೊದಲು ಇವರ ಬಲ ಇದ್ದದ್ದು ಹತ್ತಿರದ ವಾಗಿನಗೇರಿಯಲ್ಲಿ. 1705ರಲ್ಲಿ ಔರಂಗಜೇಬ್ ಬಾದಶಹ ತಾನೇ ಬಂದು ಆ ಕೋಟೆಗೆ ಮುತ್ತಿಗೆ ಹಾಕಿದ. ಆಗ ಅವನಿಗೆ ವಯಸ್ಸು 86. ಒಳಗಿದ್ದವರು ಪಿಡ್ಡ ನಾಯಕರು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮೊಗಲರ ತೋಪುಗಳು ಗುಡುಗಿದವು, ಬೇಡರ ನೆರವಿಗೆ ಮರಾಠರೂ ಬಂದರು. ಕಡೆಗೆ ಮೊಗಲರ ಕೈಗೆ ಸಿಕ್ಕಿದ್ದು ಖಾಲಿ ಕೋಟೆ. ನಾಯಕರು ರಾತ್ರಿಯಲ್ಲಿ ತಪ್ಪಿಸಿಕೊಂಡಿದ್ದರು. ಬಾದಶಹನ ಕೊನೆಯ ದೊಡ್ಡ ಮುತ್ತಿಗೆ ಅದೇ. ಎರಡು ವರ್ಷದಲ್ಲಿ ಅವನೂ ತೀರಿಕೊಂಡ.

ಮೊಗಲರ ತೋಪಿಗೆ ಸಿಗದ ಮನೆತನ ನಿಜಾಮನ ಲೆಕ್ಕದ ಪುಸ್ತಕಕ್ಕೆ ಸಿಕ್ಕಿತು. 1828ರಲ್ಲಿ ಪಟ್ಟಕ್ಕೆ ಬಂದ ಕೃಷ್ಣಪ್ಪ ನಾಯಕರ ಮೇಲೆ 15 ಲಕ್ಷ ರೂಪಾಯಿ ನಜರಾಣೆ ಬಿತ್ತು. ತೀರಿಸಲಾಗದ ಸಾಲ ಬೆಳೆಯಿತು, ವಸೂಲಿಯ ನೆಪದಲ್ಲಿ ಹೊರಗಿನ ಅಧಿಕಾರಿಗಳು ಬಂದರು. ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಎಳೆಯ ಹುಡುಗ. ಅಧಿಕಾರಕ್ಕೆ ತಾಯಿ ಈಶ್ವರಮ್ಮ ಮತ್ತು ಚಿಕ್ಕಪ್ಪ ಪಿಡ್ಡ ನಾಯಕರ ನಡುವೆ ಹಣಾಹಣಿ. ಆಗ ಬಂದವನು ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್.

ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ನಿಜಾಮನ ಪಡೆಗೆ ಸೇರಿದ್ದ. ಠಕ್ಕರ ಕುರಿತ ಕಾದಂಬರಿಯಿಂದ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಸುರಪುರದಲ್ಲಿ ಆತ ಹೊಲ ಅಳೆಸಿದ, ರಸ್ತೆ ಮಾಡಿಸಿದ, ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ. ಇಂದು ದೂರದ ಹಕ್ಕಿಗಳು ಬಂದಿಳಿಯುವ ಕೆರೆ ಅದು. ರಾಜನಕೋಳೂರಿನ ಕಲ್ಲುಗೋರಿಗಳನ್ನು ಅಗೆಸಿದ, ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಸಾಲು ಹಿಡಿದು ನಿಂತ ಆದಿಕಾಲದ ಗುಂಡುಗಳ ಬಗ್ಗೆ ಬರೆದ.

ಅವನು 1844ರಲ್ಲಿ ಕಟ್ಟಿಸಿದ ಮನೆಯೇ ಟೇಲರ್ ಮಂಜಿಲ್. ಈಗ ಸರ್ಕಾರಿ ಅತಿಥಿಗೃಹ. ನೋಡಲು ಬಂದವರು 'ಎಂಥ ಗಾಳಿ, ಎಂಥ ನೋಟ' ಎನ್ನುತ್ತಾರೆ. ನಿಜವೇ. ಆದರೆ ಸಿಪಾಯಿಯ ಕಣ್ಣಿಂದ ಒಮ್ಮೆ ನೋಡ್ರಿ. ಇಡೀ ಊರು ಕೆಳಗೆ ಹರಡಿಕೊಂಡಿದೆ. ಸುತ್ತಲಿನ ಸೀಮೆಯೂ ಕಾಣುತ್ತದೆ. ದಂಡಿನವನು ಆರಿಸಿದ ಜಾಗ ಅದು. ಟೇಲರ್ ಒಳ್ಳೆಯವನಿದ್ದ, ನಮ್ಮ ಜನರನ್ನು ಪ್ರೀತಿಸಿದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆ ಒಳ್ಳೆಯತನದ ಬೆನ್ನಿಗೆ ಕೃಷ್ಣೆಯಾಚೆ ಲಿಂಗಸುಗೂರಿನ ದಂಡು ಸದಾ ಬಂದೂಕು ಹಿಡಿದು ನಿಂತಿತ್ತು ಎಂಬುದರಲ್ಲೂ ಅನುಮಾನವಿಲ್ಲ. ದಿನಾಲೂ ಕವಾಯತು ಮಾಡುತ್ತಿದ್ದ ಆ ಪಡೆಯ ಸಂಬಳ ನಿಜಾಮನದು, ಹುಕುಂ ಇಂಗ್ಲಿಷರದು. ಸಂಬಳದ ಬಾಕಿ ತೀರಿಸಲಾಗದೆ ನಿಜಾಮ 1853ರಲ್ಲಿ ಬೇರಾರ್, ರಾಯಚೂರು ದೋಆಬ್, ನಳದುರ್ಗಗಳ ಆಡಳಿತವನ್ನೇ ಅವರಿಗೆ ಬಿಟ್ಟುಕೊಟ್ಟ. ಅದೇ ವರ್ಷ ಟೇಲರ್, ಪ್ರಾಯಕ್ಕೆ ಬಂದ ವೆಂಕಟಪ್ಪ ನಾಯಕರಿಗೆ ಸಂಸ್ಥಾನ ಒಪ್ಪಿಸಿ ನಳದುರ್ಗಕ್ಕೆ ಹೋದ. ಬಾಲ ರಾಜರು ಅವನನ್ನು ಕರೆಯುತ್ತಿದ್ದದ್ದು 'ಅಪ್ಪಾ' ಎಂದು.

ಮುಂದಿನದು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ. 1857ರ ಕೊನೆಗೆ ಆಯುಧ ಒಪ್ಪಿಸುವ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಎದ್ದು ಸತ್ತಿದ್ದರು. ಸುರಪುರದ ರಾಜರು ಅರಬ್ಬರನ್ನು, ರೋಹಿಲರನ್ನು ಸೇರಿಸುತ್ತಿದ್ದಾರೆಂಬ ಸುದ್ದಿ ಹಬ್ಬಿತು. 1858ರ ಫೆಬ್ರುವರಿ 7ರಂದು ಕ್ಯಾಪ್ಟನ್ ವಿಂಡಮ್ ಲಿಂಗಸುಗೂರಿನ ಪಡೆ ತಂದು ಬೀಡುಬಿಟ್ಟ. ಆ ರಾತ್ರಿ ಬೇಡರು ಬೀಡಿನ ಮೇಲೆ ಬಿದ್ದರು. ನ್ಯೂಬೆರಿ, ಸ್ಟುವರ್ಟ್ ಎಂಬ ಅಧಿಕಾರಿಗಳು ಈ ಕಾಳಗದಲ್ಲಿ ಸತ್ತರು. ಆದರೆ ಹೆಚ್ಚಿನ ಪಡೆ ಬಂದಾಗ ಸುರಪುರ ನಿಲ್ಲಲಿಲ್ಲ. ಧೈರ್ಯ ಕಡಿಮೆಯಾಗಿ ಅಲ್ಲ, ಹಗಲು ಬಯಲಿನಲ್ಲಿ ಸಾಲುಗಟ್ಟಿ ಗುಂಡು ಹಾರಿಸುವ ದಂಡಿಗೆ ಬಂಡೆ ಮರೆಯ ಯುದ್ಧ ಉತ್ತರವಾಗಲಿಲ್ಲ. ನನ್ನ ಲೆಕ್ಕದಲ್ಲಿ ಗರಡಿ ಮತ್ತು ಕವಾಯತು ಮುಖಾಮುಖಿಯಾದ ದಿನ ಅದು.

ಹೈದರಾಬಾದಿಗೆ ಹೋದ ರಾಜರು ಸೆರೆಸಿಕ್ಕರು. ಸೆರೆಮನೆಯಲ್ಲಿ ಟೇಲರ್ ಬಂದು ಕಂಡ. ತನ್ನ ಬಗ್ಗೆ ಏನು ಬೇಕಾದರೂ ಹೇಳುವೆ, ಇನ್ನೊಬ್ಬರ ಹೆಸರು ಹೇಳಲಾರೆ ಎಂದರಂತೆ ರಾಜರು. ಕರಿನೀರಿಗಿಂತ ಸಾವೇ ಬೇಕು, ಸೆರೆಯಲ್ಲಿ ಬೇಡರ ಅತಿ ಬಡವನೂ ಬದುಕಲಾರ ಎಂದರಂತೆ. ಇದನ್ನೆಲ್ಲ ಟೇಲರ್ 1877ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ರಾಜರಿಗೆ ವಿಧಿಸಿದ್ದ ಮರಣದಂಡನೆ ಇಳಿದು ಕಡೆಗೆ ನಾಲ್ಕು ವರ್ಷದ ಸೆರೆಯಾಯಿತು. ಸಾಗಿಸುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜರ ಜೀವ ಹೋಯಿತು. ತಾವೇ ಹೊಡೆದುಕೊಂಡರು ಎಂದು ಕಾಗದ ಹೇಳುತ್ತದೆ. ನಮ್ಮ ಕಡೆ ಅದನ್ನು ನಂಬದವರು ಬಹಳ. ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಗಂಡಾಂತರವೆಂದು ಜಾತಕ ಬರೆದವರು ಮೊದಲೇ ಹೇಳಿದ್ದರೆಂಬುದನ್ನೂ ಟೇಲರೇ ದಾಖಲಿಸಿದ್ದಾನೆ.

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಬಹುಮಾನವೆಂಬಂತೆ ಕೊಟ್ಟರು. ಲಿಂಗಸುಗೂರಿನ ದಂಡು ಸೇರಿದ್ದ ನಿಜಾಮನ ಕಂಟಿಂಜೆಂಟ್ ಪಡೆ 1903ರಲ್ಲಿ ಭಾರತದ ದಂಡಿನೊಳಗೆ ಕರಗಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮಶಾಹಿಯೂ ಮುಗಿಯಿತು. ಕಲಬುರಗಿಯಿಂದ ಬೇರೆಯಾಗಿ, ನಮ್ಮ ಸುರಪುರ ಇರುವ ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ.

ಒಮ್ಮೆ ಹುಡುಗರನ್ನು ಮಂಜಿಲ್‌ಗೆ ಕರೆದೊಯ್ದಾಗ ಒಬ್ಬ ಕೇಳಿದ: 'ಸರ, ಇದು ನಮ್ಮ ರಾಜರ ಮನಿ ಏನ್ರಿ?' ಅಲ್ಲಪ್ಪಾ, ಅವರನ್ನ ಬೆಳೆಸಿದವನ ಮನಿ ಎಂದೆ. 'ಹಂಗಾದ್ರ ಅವರನ್ನ ಉಳಿಸ್ಲಿಲ್ಲ ಯಾಕ್ರಿ?' ಎಂದ. ಆ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳಲು ಆಗುವುದಿಲ್ಲ.

ಅದಕ್ಕೇ ನಾನು ಕೇಳುವುದು: ಮಂಜಿಲ್‌ನ ಒಂದು ಕೋಣೆಯನ್ನಾದರೂ ಅತಿಥಿಗಳಿಂದ ಬಿಡಿಸಿ ಈ ಕಥೆಗೆ ಕೊಡಲಿ. ಟೇಲರನ ನಕ್ಷೆಗಳ ಪ್ರತಿ, ವಾಗಿನಗೇರಿ ಕೋಟೆಯ ಚಿತ್ರ, ಲಿಂಗಸುಗೂರಿನ ದಂಡಿನ ವಿವರ, ಗರಡಿಯ ಗದೆ, ಎಲ್ಲ ಒಂದೇ ಗೋಡೆಯ ಮೇಲೆ ಇರಲಿ. ವೆಂಕಟಪ್ಪ ನಾಯಕರ ಹೆಸರು ಟೇಲರನ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಬಾಗಿಲಲ್ಲೇ ಇರಲಿ.