ಕ್ರಿಯಾಟಿನಿನ್ ನಾರ್ಮಲ್, ಆದರೂ ಕಿಡ್ನಿಗೆ ಕಷ್ಟ
ಶುಗರ್ ನಾರ್ಮಲ್, ಕ್ರಿಯಾಟಿನಿನ್ ನಾರ್ಮಲ್, ಆದರೆ ಹೊಟ್ಟೆ ಮುಂದೆ ಬಂದಿದೆಯಾ? ಹಾಗಾದರೆ ಇದನ್ನು ಕೇಳಿ.

ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಾದಾಗ ಜೀವಕೋಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ; ಇದೇ ಇನ್ಸುಲಿನ್ ಪ್ರತಿರೋಧ. ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಇನ್ಸುಲಿನ್ ಕಿಡ್ನಿಯಲ್ಲಿ ಉಪ್ಪನ್ನು ಹಿಡಿದಿಡುತ್ತದೆ, ಬಿಪಿ ಏರಲು ದಾರಿಯಾಗುತ್ತದೆ. ಹೆಚ್ಚಿದ ತೂಕಕ್ಕಾಗಿ ಕಿಡ್ನಿ ಮಿತಿಮೀರಿ ಸೋಸುತ್ತದೆ. ನಾವು ಮೋಸಹೋಗುವುದು ಇಲ್ಲೇ: ಸೋಸುವಿಕೆ ಜೋರಾಗಿರುವಷ್ಟು ದಿನ ಕ್ರಿಯಾಟಿನಿನ್ ಚೆನ್ನಾಗೇ ಕಾಣುತ್ತದೆ. ಅಷ್ಟರಲ್ಲಿ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರತೊಡಗಿರಬಹುದು.

ಲಿಪಿಡ್ ರಿಪೋರ್ಟ್ ತೆಗೆಯಿರಿ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ ಇದ್ದರೆ ಅದು ಇನ್ಸುಲಿನ್ ಪ್ರತಿರೋಧದ ಸುಳಿವು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದೆಯಾ? ವೈದ್ಯರ ಬಳಿ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ ಕೇಳಿ. ಗ್ರಾಂಗೆ 30 ಮಿಲಿಗ್ರಾಂ ಮೀರಿದರೆ ತಡಮಾಡಬೇಡಿ. ತೂಕ ಇಳಿದರೆ ಈ ಸೋರಿಕೆಯೂ ಇಳಿಯಬಲ್ಲದು.